ಕೆಪೆಯ ‘ಡೀನ್ ಅರಮನೆ’ ಸಂದರ್ಶನ: ಸಿಂಧನೂರು, ಲಿಂಗಸುಗೂರು ಹಾಗೂ ಮಸ್ಕಿ ಭಾಗದ ಸಾರ್ವಜನಿಕರಿಗೆ ತಿಳಿವಳಿಕೆ

ಪ್ರಸ್ತಾವನೆ

ಸಿಂಧನೂರು ತಾಲ್ಲೂಕಿನ ಆರ್.ಎಚ್. ಕ್ಯಾಂಪ್ ಹಾಗೂ ನೆರೆಯ ಲಿಂಗಸುಗೂರು, ಮಸ್ಕಿ ತಾಲ್ಲೂಕುಗಳಿಂದ ಗೋವಾಕ್ಕೆ ಹೋಗಿಬರುವವರ ಪ್ರವಾಸವು ಸಾಮಾನ್ಯವಾಗಿ ಕಡಲತೀರ, ಹಳೇ ಗೋವಾದ ಚರ್ಚುಗಳು ಮತ್ತು ಒಂದೆರಡು ದೇವಾಲಯಗಳಲ್ಲಿ ಮುಗಿದುಹೋಗುತ್ತದೆ. ಗೋವಾದ ಒಳನಾಡಿನಲ್ಲಿರುವ ಹಳೆಯ ಮನೆಗಳನ್ನು ನೋಡುವವರು ವಿರಳ. ಪೋರ್ಚುಗೀಸರ ಕಟ್ಟಡ ಪದ್ಧತಿಯೂ ಈ ನೆಲದ ಹಿಂದೂ ಮನೆಗಳ ಪದ್ಧತಿಯೂ ಒಂದೇ ಸೂರಿನಡಿ ಸೇರಿರುವ, ಪಾಳುಬಿದ್ದ ಸ್ಥಿತಿಯಿಂದ ದುರಸ್ತಿಗೊಂಡು ಈಗ ಸಂದರ್ಶಕರಿಗೆ ತೆರೆದಿರುವ ಒಂದು ಮನೆಯ ಬಗ್ಗೆ ಈ ಪುಟದಲ್ಲಿ ವಿವರ ನೀಡಲಾಗಿದೆ. ಅದು ದಕ್ಷಿಣ ಗೋವಾದ ಕೆಪೆ ಪಟ್ಟಣದಲ್ಲಿರುವ ‘ಪಲಾಸಿಯೊ ದೊ ದೆಯಾಂವ್’, ಅಂದರೆ ಡೀನ್ ಅರಮನೆ. ಇಂಗ್ಲಿಷ್ ನಾಮಫಲಕಗಳಲ್ಲಿ ಇದೇ ಪಟ್ಟಣದ ಹೆಸರು ‘ಕ್ವೆಪೆಮ್’ ಎಂದು ಓದುವಂತೆ ಬರೆದಿರುತ್ತದೆಯಾದ್ದರಿಂದ ಪ್ರವಾಸಿಗರು ಗೊಂದಲಕ್ಕೆ ಒಳಗಾಗಬಾರದು.

ಅನುಮತಿ ಪತ್ರದ ಬಗ್ಗೆ

ಈ ಮನೆಯನ್ನು ನೋಡಲು ಸರ್ಕಾರದ ಯಾವುದೇ ಇಲಾಖೆಯಿಂದ ಅನುಮತಿ ಪತ್ರ ಅಥವಾ ಶಿಫಾರಸು ಪತ್ರ ಪಡೆಯುವ ಅಗತ್ಯವಿರುವುದಿಲ್ಲ. ಅದಕ್ಕಾಗಿ ಅರ್ಜಿ ಸಲ್ಲಿಸಿ ಕಾಯುವುದರಿಂದ ಸಾರ್ವಜನಿಕರ ಸಮಯ ವ್ಯರ್ಥವಾಗುವುದೇ ಹೊರತು ಬೇರೆ ಪ್ರಯೋಜನವಿಲ್ಲ. ಇದು ಖಾಸಗಿ ವಾಸದ ಮನೆ. ಒಳಗೆ ಕರೆದುಕೊಳ್ಳುವುದೂ ಬಿಡುವುದೂ ಮನೆಯವರಿಗೆ ಸೇರಿದ ವಿಷಯ. ಆದ್ದರಿಂದ ಹೊರಡುವ ಮುನ್ನ ಮನೆಯವರನ್ನೇ ನೇರವಾಗಿ ಸಂಪರ್ಕಿಸಿ, ದಿನ, ವೇಳೆ, ಜನರ ಸಂಖ್ಯೆ ಮತ್ತು ಶುಲ್ಕವನ್ನು ಖಚಿತಪಡಿಸಿಕೊಳ್ಳತಕ್ಕದ್ದು. ಮುಂಚಿತವಾಗಿ ತಿಳಿಸಿದವರಿಗೆ ಅಲ್ಲಿಯೇ ಊಟದ ವ್ಯವಸ್ಥೆಯೂ ಇದೆ.

ನಮ್ಮ ಭಾಗದವರಿಗೆ ಪರಿಚಿತವಾದ ಮಸ್ಕಿಯ ಅಶೋಕನ ಶಾಸನಕ್ಕೂ ಈ ಮನೆಗೂ ಇರುವ ವ್ಯತ್ಯಾಸವನ್ನು ಇಲ್ಲಿ ಗಮನಿಸಬೇಕು. 1915 ರಲ್ಲಿ ಬೆಳಕಿಗೆ ಬಂದ, ಅಶೋಕ ಎಂಬ ಹೆಸರನ್ನೇ ಹೊತ್ತಿರುವ ಆ ಶಾಸನವು ಕೇಂದ್ರ ಸರ್ಕಾರದ ಸಂರಕ್ಷಿತ ಸ್ಮಾರಕವಾಗಿದೆ. 1958 ರ ಪ್ರಾಚೀನ ಸ್ಮಾರಕಗಳ ಕಾಯ್ದೆಗೆ 2010 ರಲ್ಲಿ ಮಾಡಲಾದ ತಿದ್ದುಪಡಿಯಂತೆ ಅಂತಹ ಸ್ಮಾರಕದ ಸುತ್ತ 100 ಮೀಟರ್‌ವರೆಗೆ ಹೊಸ ನಿರ್ಮಾಣ ನಿಷಿದ್ಧ. ಅದರಾಚೆಗಿನ 200 ಮೀಟರ್‌ವರೆಗೆ ನಿಯಂತ್ರಿತ. ಸಂರಕ್ಷಿತ ಪಟ್ಟಿಗೆ ಸೇರದ ವಾಸದ ಮನೆಗೆ ಇಂತಹ ರಕ್ಷಣೆ ಯಾವುದೂ ತಾನಾಗಿ ಒದಗಿ ಬರುವುದಿಲ್ಲ. ಮಾಲೀಕರು ಮನಸ್ಸು ಮಾಡಿದರೆ ಮನೆ ಉಳಿಯುತ್ತದೆ, ಇಲ್ಲವಾದರೆ ಉರುಳುತ್ತದೆ. ಕೆಪೆಯ ಮನೆ ನೋಡತಕ್ಕದ್ದಾಗಿರುವುದು ಮುಖ್ಯವಾಗಿ ಈ ಕಾರಣಕ್ಕೆ.

ಮನೆಯ ಹಿನ್ನೆಲೆ

ಈ ಮನೆಯನ್ನು 1787 ರಲ್ಲಿ ಕಟ್ಟಿಸಿದವನು ಜೋಸೆ ಪಾವ್ಲೊ ದೆ ಅಲ್ಮೇದಾ. ಈತ ಪೋರ್ಚುಗಲ್ ದೇಶದ ಕುಲೀನ ಮನೆತನದವನು. ಗೋವಾದ ಚರ್ಚಿನಲ್ಲಿ ಡೀನ್ ಪದವಿಯಲ್ಲಿದ್ದವನು. ಮನೆಗೆ ಆ ಹೆಸರು ಬಂದಿರುವುದು ಈ ಪದವಿಯಿಂದಲೇ. ಕೆಪೆ ಪಟ್ಟಣವನ್ನು ನೆಲೆಗೊಳಿಸಿದ ಕೀರ್ತಿಯೂ ಈತನದೇ ಆಗಿದೆ. ಮನೆಯ ಎದುರಿಗೇ ಚರ್ಚು, ಹಿಂದೆ ಮೆಟ್ಟಿಲು ಮೆಟ್ಟಿಲಾಗಿ ಇಳಿಯುವ ತೋಟ, ತೋಟದ ಕೊನೆಗೆ ಕುಶಾವತಿ ನದಿ. ಈ ಮೂರನ್ನೂ ಒಟ್ಟಿಗೆ ನೋಡಿದರೆ ಮಾತ್ರ ಕಟ್ಟಿಸಿದವನ ಉದ್ದೇಶ ತಿಳಿಯುತ್ತದೆ. ಕೇವಲ ಒಳಗಿನ ಪೀಠೋಪಕರಣಗಳನ್ನು ನೋಡಿ ಹಿಂದಿರುಗುವವರು ಅರ್ಧವನ್ನು ಮಾತ್ರ ನೋಡಿದಂತಾಗುತ್ತದೆ.

ಕನ್ನಡಿಗರಿಗೆ ಆಸಕ್ತಿಯ ಸಂಗತಿ ಬೇರೊಂದಿದೆ. ಅಲ್ಮೇದಾ ಮನೆ ಕಟ್ಟಿಸಿದ ಈ ಸೀಮೆ ಅದಕ್ಕೆ ಕೆಲವೇ ವರ್ಷಗಳ ಹಿಂದಿನವರೆಗೆ ಇಂದಿನ ಉತ್ತರ ಕನ್ನಡ ಜಿಲ್ಲೆಯ ಸೋಂದೆಯ ಅರಸರ ಆಳ್ವಿಕೆಯಲ್ಲಿತ್ತು. 1763 ರಲ್ಲಿ ಹೈದರ್ ಅಲಿ ಬಿದನೂರನ್ನು ಗೆದ್ದು ಸೋಂದೆಯ ಮೇಲೆ ದಂಡೆತ್ತಿ ಬಂದಾಗ ಅಲ್ಲಿಯ ಅರಸ ಗೋವಾಕ್ಕೆ ಹೋಗಿ ಪೋರ್ಚುಗೀಸರ ಆಶ್ರಯ ಪಡೆದನು. ಘಟ್ಟದ ಕೆಳಗಿನ ಅವನ ಸೀಮೆಗಳು ಹೀಗೆ ಪೋರ್ಚುಗೀಸರ ವಶಕ್ಕೆ ಬಂದವು. ಕಾಗದಪತ್ರದ ಮೂಲಕ ಅದು ಸ್ಥಿರಪಟ್ಟದ್ದು 1791 ರಲ್ಲಿ. ಅಂದರೆ ಒಪ್ಪಂದಕ್ಕೆ ಸಹಿ ಬೀಳುವ ನಾಲ್ಕು ವರ್ಷ ಮೊದಲೇ ಡೀನ್ ಇಲ್ಲಿ ಮನೆ ಕಟ್ಟಿ ಕುಳಿತಿದ್ದನು. ಈ ಸೀಮೆಗಳನ್ನು ಗೋವಾದ ಇತಿಹಾಸದಲ್ಲಿ ‘ಹೊಸ ಗೆಲುವುಗಳು’ ಎಂದು ಕರೆಯಲಾಗುತ್ತದೆ.

ಹೊಸದು ಹಳೆಯದು ಎಂಬ ಈ ಭೇದ ಕೇವಲ ಹೆಸರಿನದಲ್ಲ. ಹದಿನಾರನೆಯ ಶತಮಾನದಲ್ಲಿಯೇ ಪೋರ್ಚುಗೀಸರ ಕೈಸೇರಿದ್ದ ತಿಸವಾಡಿ, ಬಾರ್ದೇಸ್, ಸಾಸಷ್ಟಿ ಭಾಗಗಳಲ್ಲಿ ದೇವಾಲಯಗಳು ನಾಶವಾದವು. ಮಂಗೇಶಿ, ಶಾಂತಾದುರ್ಗೆ ಮುಂತಾದ ದೇವರನ್ನು ಭಕ್ತರು ಆಗ ಪೋರ್ಚುಗೀಸರ ಗಡಿಯ ಹೊರಗಿದ್ದ ಫೋಂಡಾ ಸೀಮೆಗೆ ಸಾಗಿಸಿದರು. 1736 ರಲ್ಲಿ ಗೋವಾದ ಧಾರ್ಮಿಕ ವಿಚಾರಣಾ ನ್ಯಾಯಾಲಯವು ಹೊರಡಿಸಿದ ಆಜ್ಞೆಯಂತೆ, ಮತಾಂತರಗೊಂಡ ಸ್ಥಳೀಯರು ಮನೆಯಲ್ಲಿ ತುಳಸಿ ಗಿಡ ನೆಡುವುದೂ ಅಪರಾಧವಾಯಿತು. ಆದರೆ ಹೊಸ ಸೀಮೆಗಳು ಸೇರುವ ವೇಳೆಗೆ ಕಾಲ ಬದಲಾಗಿತ್ತು. ಇಲ್ಲಿಯ ಜನರ ದೇವರು, ಆಚಾರಗಳಿಗೆ ಕೈಹಾಕುವುದಿಲ್ಲ ಎಂಬ ಭರವಸೆಯನ್ನು ಪೋರ್ಚುಗೀಸರು ನೀಡಬೇಕಾಯಿತು. ಕೆಪೆಯಲ್ಲಿ ಚರ್ಚಿನ ಅಧಿಕಾರಿಯೊಬ್ಬನು ಕಟ್ಟಿಸಿದ ಮನೆಯಲ್ಲಿ ಈ ನೆಲದ ಪದ್ಧತಿಯೂ ಬೆರೆತದ್ದು ಇಂತಹ ಸೀಮೆಯಲ್ಲಿ ಎಂಬುದನ್ನು ನೆನಪಿನಲ್ಲಿಟ್ಟುಕೊಂಡು ಒಳಗೆ ಕಾಲಿಡಬೇಕು.

ನಮ್ಮ ಜಿಲ್ಲೆಗೂ ಪೋರ್ಚುಗೀಸರಿಗೂ ಸಂಬಂಧವೇ ಇಲ್ಲವೆಂದು ಭಾವಿಸಬೇಕಾಗಿಲ್ಲ. 1520 ರಲ್ಲಿ ಕೃಷ್ಣದೇವರಾಯನು ರಾಯಚೂರು ಕೋಟೆಗೆ ಮುತ್ತಿಗೆ ಹಾಕಿದಾಗ ಕ್ರಿಸ್ತೊವಾಂವ್ ದೆ ಫಿಗೆರೆದೊ ಎಂಬ ಪೋರ್ಚುಗೀಸನು ತನ್ನ ಬಂದೂಕುಗಾರರೊಡನೆ ರಾಯನ ಪಕ್ಷದಲ್ಲಿ ಹೋರಾಡಿದ್ದನ್ನು ಫೆರ್ನಾಂವ್ ನೂನಿಜ್ ದಾಖಲಿಸಿದ್ದಾನೆ.

ಎರಡು ಪದ್ಧತಿಗಳನ್ನು ಗುರುತಿಸುವ ಬಗೆ

ಗೋವಾದ ಹಿಂದೂ ಮನೆಯು ಒಳಮುಖವಾದದ್ದು. ನಡುವೆ ‘ರಾಜಾಂಗಣ’ ಎಂದು ಕರೆಯಲ್ಪಡುವ ತೆರೆದ ಅಂಗಳ, ಸುತ್ತ ಕಂಬಗಳ ಪಡಸಾಲೆ, ಅದರ ಹಿಂದೆ ಕೋಣೆಗಳು. ಬೀದಿಯ ಕಡೆಗೆ ಕಿಟಕಿ ಕಡಿಮೆ. ಗಾಳಿ ಬೆಳಕು ಅಂಗಳದಿಂದಲೇ ಬರತಕ್ಕದ್ದು. ಲಿಂಗಸುಗೂರು, ಮಸ್ಕಿ ಕಡೆಯ ಹಳೆಯ ವಾಡೆಗಳನ್ನು ನೋಡಿದವರಿಗೆ ಇದನ್ನು ವಿವರಿಸಬೇಕಾಗಿಲ್ಲ. ವ್ಯತ್ಯಾಸವಿರುವುದು ಮೇಲ್ಛಾವಣಿಯಲ್ಲಿ: ನಮ್ಮದು ತೊಲೆ, ಜಂತಿಗಳ ಮೇಲೆ ಮಣ್ಣು ಹಾಕಿದ ಸಮತಟ್ಟಾದ ಮಾಳಿಗೆ, ಅಲ್ಲಿಯದು ಸುರಿಯುವ ಮಳೆಗೆ ತಕ್ಕಂತೆ ಇಳಿಜಾರಾದ ಹೆಂಚಿನ ಮಾಡು.

ಪೋರ್ಚುಗೀಸ್ ರೀತಿಯ ಮನೆಯು ಹೊರಮುಖವಾದದ್ದು. ಎತ್ತರದ ತಳಪಾಯ, ಬೀದಿಗೆ ಎದುರಾಗಿ ಸಾಲು ಸಾಲು ದೊಡ್ಡ ಕಿಟಕಿಗಳು, ಅತಿಥಿಗಳಿಗಾಗಿ ‘ಸಾಲಾ’ ಎಂಬ ದೊಡ್ಡ ಹಜಾರ, ಮುಂಬಾಗಿಲಲ್ಲಿ ಎರಡೂ ಕಡೆ ಕಲ್ಲಿನ ಆಸನಗಳಿರುವ ‘ಬಲ್ಕಾಂವ್’. ಸಂಜೆಯ ಹೊತ್ತು ಅಲ್ಲಿ ಕುಳಿತು ದಾರಿಹೋಕರನ್ನು ಮಾತನಾಡಿಸುವುದು ಗೋವಾದ ರೂಢಿ. ನಮ್ಮ ಮನೆಮುಂದಿನ ಕಟ್ಟೆಯ ಕೆಲಸವೂ ಅದೇ ತಾನೆ. ಎರಡೂ ಪದ್ಧತಿ ಸೇರಿದ ಮನೆಗಳಲ್ಲಿ ಮುಂಭಾಗವು ಬೀದಿಗೆ ತೆರೆದುಕೊಂಡು ಗಾಂಭೀರ್ಯ ತೋರಿದರೆ, ದಿನನಿತ್ಯದ ಬದುಕು ಒಳಭಾಗದಲ್ಲೋ ಹಿಂಭಾಗದಲ್ಲೋ ನಡೆಯುತ್ತದೆ. ಕೆಪೆಯಲ್ಲಿಯೂ ಚರ್ಚಿನ ಕಡೆಗಿರುವ ಮುಖದ ಶಿಸ್ತನ್ನು ಮೊದಲು ನೋಡಿ, ಅನಂತರ ಹಿಂದೆ ನದಿಯ ಕಡೆಗಿರುವ ಭಾಗಕ್ಕೆ ಹೋದರೆ ಈ ಎರಡು ಸ್ವಭಾವಗಳು ತಾವಾಗಿಯೇ ಕಂಡುಬರುತ್ತವೆ. ತೋಟದ ಅಚ್ಚುಕಟ್ಟಾದ ರೇಖೆಗಳು ಮಾತ್ರ ಪೂರ್ಣವಾಗಿ ಯೂರೋಪಿನವು.

ಕಿಟಕಿಗಳಿಗೆ ಗಾಜಿನ ಬದಲು ಕಪ್ಪೆಚಿಪ್ಪಿನ ತೆಳು ಹಲ್ಲೆಗಳನ್ನು ಕೂರಿಸಿರುವುದನ್ನು ತಪ್ಪದೆ ನೋಡಬೇಕು. ಈ ಕಡಲ ಚಿಪ್ಪು ಚಪ್ಪಟೆಯಾಗಿದ್ದು ಬೆಳಕನ್ನು ಒಳಬಿಡುತ್ತದೆ, ಆದರೆ ನೋಟವನ್ನು ಬಿಡುವುದಿಲ್ಲ. ಅದನ್ನು ಅಂಗೈ ಅಗಲಕ್ಕಿಂತ ಚಿಕ್ಕದಾಗಿ ಚೌಕ ಕತ್ತರಿಸಿ ಮರದ ಪಟ್ಟಿಗಳ ನಡುವೆ ಸೇರಿಸಲಾಗುತ್ತಿತ್ತು. ಗಾಜು ದುಬಾರಿಯಾಗಿದ್ದ ಕಾಲದಲ್ಲಿ ಇದು ಕೈಗೆಟಕುವ ವಸ್ತು. ಉರಿಬಿಸಿಲು ಕೋಣೆಯೊಳಗೆ ಹಾಲಿನ ಬಣ್ಣದ ತಂಪು ಬೆಳಕಾಗಿ ಬೀಳುತ್ತದೆ. 2001 ರಲ್ಲಿ ಈ ಜಾತಿಯ ಚಿಪ್ಪನ್ನು ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಅನುಸೂಚಿಗೆ ಸೇರಿಸಲಾಯಿತು. ಒಂದು ಹಲ್ಲೆ ಮುರಿದರೆ ಅಂಗಡಿಯಿಂದ ಇನ್ನೊಂದನ್ನು ಕೊಂಡು ತರುವಂತಿಲ್ಲ. ಮಕ್ಕಳು ಬೆರಳಿನಿಂದ ಒತ್ತಿ ನೋಡದಂತೆ ಹಿರಿಯರು ಎಚ್ಚರ ವಹಿಸಬೇಕು.

ಹೆಂಚಿನ ಬಗ್ಗೆ ಒಂದು ಮಾತು. ಮಂಗಳೂರಿನಲ್ಲಿ ಬಾಸೆಲ್ ಮಿಷನ್ ಹೆಂಚಿನ ಕಾರ್ಖಾನೆ ಆರಂಭಿಸಿದ್ದು 1865 ರಲ್ಲಿ. ಆದುದರಿಂದ ಅದಕ್ಕಿಂತ ಹಿಂದೆ ಕಟ್ಟಿದ ಗೋವಾದ ಯಾವುದೇ ಮನೆಯ ಮೇಲೆ ಚಪ್ಪಟೆಯ ಮಂಗಳೂರು ಹೆಂಚು ಕಂಡುಬಂದಲ್ಲಿ ಅದು ನಂತರ ಹೊದಿಸಿದ್ದೆಂದು ತಿಳಿಯಬಹುದು. ಮೊದಲಿನದು ಕೈಯಿಂದ ಮಾಡಿದ ಅರೆಗೊಳವೆಯ ನಾಡಹೆಂಚು.

ಇನ್ನು ತುಳಸಿಯ ವಿಷಯ. ಆರ್.ಎಚ್. ಕ್ಯಾಂಪ್‌ನ ನಿವಾಸಿಗಳಲ್ಲಿ ಬಹುಪಾಲು ಜನರು ಪೂರ್ವ ಬಂಗಾಳವನ್ನು ಬಿಟ್ಟುಬಂದ ಕುಟುಂಬಗಳವರು. ಬಂಗಾಳಿ ಮನೆಗಳ ಅಂಗಳದಲ್ಲಿ ‘ತುಳಸಿ ಮಂಚ’ ಇದ್ದಂತೆ ಗೋವಾದ ಹಿಂದೂ ಮನೆಗಳ ಮುಂದೆ ಬಣ್ಣ ಬಳಿದ ತುಳಸಿ ಬೃಂದಾವನವಿರುತ್ತದೆ. ಗೋವಾದ ಕ್ರೈಸ್ತ ಮನೆಗಳ ಮುಂದೆ ಅದೇ ಸ್ಥಳದಲ್ಲಿ, ಹೆಚ್ಚುಕಡಿಮೆ ಅದೇ ಎತ್ತರದ ಪೀಠದ ಮೇಲೆ ಶಿಲುಬೆ ನಿಂತಿರುವುದನ್ನು ದಾರಿಯುದ್ದಕ್ಕೂ ಕಾಣಬಹುದು. 1736 ರ ಆಜ್ಞೆ ಗಿಡವನ್ನು ತೆಗೆಸಿರಬಹುದು, ಮನೆಯ ಮುಂದೆ ಪೂಜ್ಯವಾದದ್ದೊಂದು ಇರಬೇಕೆಂಬ ಅಭ್ಯಾಸ ಹೋಗಲಿಲ್ಲ. ಬಿಟ್ಟುಬಂದ ಊರಿನ ಅಭ್ಯಾಸವನ್ನು ಹೊಸ ಊರಿನಲ್ಲಿ ಮುಂದುವರಿಸಿದವರಿಗೆ ಇದು ಬೇರೆಯವರಿಗಿಂತ ಬೇಗ ಅರ್ಥವಾಗುತ್ತದೆ ಎಂದು ಭಾವಿಸಲಾಗಿದೆ.

ದುರಸ್ತಿ ಹೇಗೆ ಆಯಿತು

ಡೀನ್ ತನ್ನ ಮನೆಯನ್ನು ಅಂದಿನ ವೈಸ್‌ರಾಯ್ ರಿಯೊ ಪಾರ್ದೊನ ವಿಶ್ರಾಂತಿಗಾಗಿ ಬಿಟ್ಟುಕೊಟ್ಟನು. ಮುಂದೆ ಅದು ಚರ್ಚಿನ ವಶದಲ್ಲಿದ್ದು, ಕ್ರೈಸ್ತ ಸನ್ಯಾಸಿನಿಯರು ಅಲ್ಲಿ ನಿರ್ಗತಿಕ ಮಹಿಳೆಯರಿಗೆ ಆಶ್ರಯ ನೀಡಿದರು. ಕಾಲಾನಂತರ ಕಟ್ಟಡವು ಶಿಥಿಲವಾಯಿತು. 2000 ದ ದಶಕದಲ್ಲಿ ಗೋವಾದ ದಂಪತಿಗಳೊಬ್ಬರು ಇದನ್ನು ವಹಿಸಿಕೊಂಡು, ವರ್ಷಗಟ್ಟಲೆ ದುಡಿದು ಪೂರ್ವಸ್ಥಿತಿಗೆ ತಂದರು. ಈಗ ಅವರ ಸಂಗ್ರಹದ ಹಳೆಯ ವಸ್ತುಗಳನ್ನೂ ಅಲ್ಲಿ ನೋಡಬಹುದು.

ಗೋವಾದ ಗೋಡೆಗಳು ಜಂಬಿಟ್ಟಿಗೆ ಕಲ್ಲಿನವು. ಗಣಿಯಿಂದ ತೆಗೆಯುವಾಗ ಮೆತ್ತಗಿದ್ದು ಗಾಳಿಗೆ ಗಟ್ಟಿಯಾಗುವ ಈ ಕಲ್ಲಿನಲ್ಲಿ ಸಣ್ಣ ಸಣ್ಣ ರಂಧ್ರಗಳಿರುತ್ತವೆ. ಮಳೆಗಾಲದಲ್ಲಿ ಗೋಡೆ ನೀರು ಕುಡಿಯುತ್ತದೆ, ಬೇಸಿಗೆಯಲ್ಲಿ ಆರುತ್ತದೆ. ಇಂತಹ ಗೋಡೆಗೆ ಸುಣ್ಣದ ಗಾರೆಯೇ ಆಗಬೇಕು; ಅದು ಒಳಗಿನ ತೇವವನ್ನು ಹೊರಬಿಡುತ್ತದೆ. ಸಿಮೆಂಟ್ ಬಳಿದರೆ ಮೇಲ್ನೋಟಕ್ಕೆ ಗಟ್ಟಿ, ಆದರೆ ತೇವ ಒಳಗೇ ಉಳಿದು ಕಲ್ಲು ಪುಡಿಯಾಗುತ್ತದೆ, ತೊಲೆಯ ತುದಿ ಕೊಳೆಯುತ್ತದೆ. ನಮ್ಮ ಕಡೆಯ ಗಚ್ಚಿನ ಗೋಡೆಗಳಿಗೂ ಮಣ್ಣಿನ ಗಾರೆಯ ಕಲ್ಲುಗೋಡೆಗಳಿಗೂ ಇದು ಅನ್ವಯಿಸುತ್ತದೆ. ಹಳೆಯ ಮನೆಯ ದುರಸ್ತಿಗೆ ಕೈಹಾಕುವವರು ಮೇಸ್ತ್ರಿಗೆ ಮೊದಲು ಕೇಳಬೇಕಾದ ಪ್ರಶ್ನೆ ಸುಣ್ಣದ ಕೆಲಸ ಬರುತ್ತದೆಯೇ ಎಂಬುದು.

ವಾಣಿಜ್ಯಶಾಸ್ತ್ರ ಓದಿದವರು ಬಲ್ಲಂತೆ, ಲೆಕ್ಕಪುಸ್ತಕದಲ್ಲಿ ಕಟ್ಟಡದ ಬೆಲೆಯನ್ನು ವರ್ಷ ವರ್ಷವೂ ಸವಕಳಿ ಕಳೆದು ತೋರಿಸಲಾಗುತ್ತದೆ. ಇನ್ನೂರು ವರ್ಷದ ಮನೆಗೆ ಪುಸ್ತಕದಲ್ಲಿ ಬೆಲೆಯೇ ಉಳಿದಿರುವುದಿಲ್ಲ. ನಿವೇಶನಕ್ಕೆ ಮಾತ್ರ ಬೆಲೆ. ಮನೆಗಳು ಉರುಳುವುದಕ್ಕೆ ಮಳೆಗಿಂತಲೂ ಈ ಲೆಕ್ಕವೇ ಹೆಚ್ಚು ಕಾರಣವೆಂದರೆ ಅತಿಶಯೋಕ್ತಿಯಾಗಲಾರದು. ಕೆಪೆಯ ಮನೆಯವರು ಪ್ರವೇಶ ಮತ್ತು ಊಟದ ಶುಲ್ಕ ಪಡೆಯುವುದನ್ನು ಕೆಲವರು ಆಕ್ಷೇಪಿಸಬಹುದು. ಪ್ರತಿ ಮಳೆಗಾಲದ ನಂತರ ಹೆಂಚು ಕೈಯಾಡಿಸಬೇಕಾದ, ಗೋಡೆಗೆ ಸುಣ್ಣ ಹೊಡೆಸಬೇಕಾದ ಮನೆಗೆ ಆದಾಯ ಬೇಕೇ ಬೇಕು.

ಮನೆಯ ವಿಭಾಗ

ಗೋವಾದಲ್ಲಿ ದೊಡ್ಡ ಮನೆಗಳು ಬೀಗ ಹಾಕಿಕೊಂಡು ನಿಂತಿರುವುದಕ್ಕೆ ಇನ್ನೊಂದು ಕಾರಣ ಉತ್ತರಾಧಿಕಾರದ ಕಾನೂನು. 1867 ರ ಪೋರ್ಚುಗೀಸ್ ಸಿವಿಲ್ ಸಂಹಿತೆಯ ಪರಂಪರೆ ಅಲ್ಲಿ ಮುಂದುವರಿದಿದ್ದು, ಗಂಡು ಹೆಣ್ಣೆಂಬ ಭೇದವಿಲ್ಲದೆ ಎಲ್ಲ ಮಕ್ಕಳಿಗೂ ಪಾಲು ಸಲ್ಲುತ್ತದೆ. ಉಯಿಲಿನ ಮೂಲಕ ಆಸ್ತಿಯ ಅರ್ಧಕ್ಕಿಂತ ಹೆಚ್ಚನ್ನು ಹೊರಗಿನವರಿಗೆ ಬರೆಯುವಂತಿಲ್ಲ. ನ್ಯಾಯದ ದೃಷ್ಟಿಯಿಂದ ಇದು ಮೆಚ್ಚತಕ್ಕದ್ದೇ. ಆದರೆ ಮೂರು ತಲೆಮಾರು ಕಳೆಯುವಷ್ಟರಲ್ಲಿ ಒಂದೇ ಮನೆಗೆ ಹತ್ತಾರು ಪಾಲುದಾರರು, ಅವರಲ್ಲಿ ಹಲವರು ಹೊರದೇಶಗಳಲ್ಲಿ. ಹೆಂಚು ಬದಲಿಸಲು ಯಾರ ಒಪ್ಪಿಗೆ ಬೇಕು, ಯಾರು ಹಣ ಕೊಡಬೇಕು ಎಂಬುದು ತೀರ್ಮಾನವಾಗದೆ ಮನೆ ಸೋರುತ್ತದೆ. ಕೆಪೆಗೆ ಸಮೀಪದ ಚಾಂದೋರ್‌ನಲ್ಲಿರುವ ಪ್ರಸಿದ್ಧ ಮೆನೆಜಸ್ ಬ್ರಗಾಂಜಾ ಮನೆಯು ಕುಟುಂಬದ ಎರಡು ಶಾಖೆಗಳ ನಡುವೆ ಎರಡು ಪಾರ್ಶ್ವಗಳಾಗಿ ಹಂಚಿಹೋಗಿದೆ. ಪ್ರವಾಸಿಗರು ಎರಡನ್ನೂ ಬೇರೆ ಬೇರೆಯಾಗಿ ನೋಡಬೇಕಾಗುತ್ತದೆ.

ಕರ್ನಾಟಕದಲ್ಲಿ 1994 ರ ರಾಜ್ಯ ತಿದ್ದುಪಡಿ, ಅನಂತರ 2005 ರ ಕೇಂದ್ರ ತಿದ್ದುಪಡಿಗಳ ಮೂಲಕ ಹೆಣ್ಣುಮಕ್ಕಳಿಗೂ ಪಿತ್ರಾರ್ಜಿತ ಆಸ್ತಿಯಲ್ಲಿ ಸಮಾನ ಹಕ್ಕು ದೊರೆತಿದೆ. ಹಳೆಯ ವಾಡೆಯುಳ್ಳ ಕುಟುಂಬಗಳು ವಿಭಾಗ ಪತ್ರ ಬರೆಸುವಾಗ ಪಡಸಾಲೆಯ ನಡುವೆ ಗೋಡೆ ಎಬ್ಬಿಸುವುದನ್ನೇ ಏಕೈಕ ಮಾರ್ಗವೆಂದು ತಿಳಿಯಬಾರದು. ಎಲ್ಲರೂ ಒಪ್ಪಿದಲ್ಲಿ, ಮನೆಯನ್ನು ಇಡಿಯಾಗಿ ಒಬ್ಬರ ಪಾಲಿಗೆ ಬಿಟ್ಟು ಉಳಿದವರಿಗೆ ಜಮೀನು ಅಥವಾ ಹಣದ ರೂಪದಲ್ಲಿ ಸರಿದೂಗಿಸಲು ಅವಕಾಶವಿದೆ. ಪತ್ರವನ್ನು ಉಪನೋಂದಣಾಧಿಕಾರಿಗಳ ಕಚೇರಿಯಲ್ಲಿ ನೋಂದಾಯಿಸುವ ಮುನ್ನ ವಕೀಲರೊಂದಿಗೆ ಈ ಬಗ್ಗೆ ಚರ್ಚಿಸುವುದು ಒಳಿತು. ಒಮ್ಮೆ ಗೋಡೆ ಎದ್ದು ಅಂಗಳ ಮುಚ್ಚಿದ ಮೇಲೆ ಮನೆಗೆ ಗಾಳಿ ಬೆಳಕು ಬರುವ ದಾರಿಯೇ ಹೋಗುತ್ತದೆ.

ಪ್ರಯಾಣ ಮತ್ತು ವಾಹನ

2024 ರಲ್ಲಿ ಸಿಂಧನೂರಿಗೆ ರೈಲು ಸಂಪರ್ಕ ದೊರೆತ ನಂತರ ಹುಬ್ಬಳ್ಳಿಯವರೆಗಿನ ಪ್ರಯಾಣ ಸುಲಭವಾಗಿದೆ. ಹುಬ್ಬಳ್ಳಿಯಿಂದ ಲೋಂಡಾ, ಕ್ಯಾಸಲ್‌ರಾಕ್, ಕುಳೆ ಮಾರ್ಗವಾಗಿ ಹೋಗುವ ರೈಲುಗಳಲ್ಲಿ ಸಾವರ್ಡೆ ನಿಲ್ದಾಣದಲ್ಲಿ ಇಳಿದರೆ ಕೆಪೆ ಸಮೀಪ, ಮಡಗಾಂವ್‌ನಿಂದಲೂ ಬಸ್ಸುಗಳಿವೆ. ಹೌರಾ ಮತ್ತು ವಾಸ್ಕೊ ನಡುವಿನ ಅಮರಾವತಿ ಎಕ್ಸ್‌ಪ್ರೆಸ್ ಹೊಸಪೇಟೆ, ಕೊಪ್ಪಳ, ಗದಗ ಮೂಲಕವೇ ಹಾದುಹೋಗುತ್ತದೆ. ಬಂಗಾಳದ ಕಡೆಗೆ ಹೋಗಿಬರುವ ಕ್ಯಾಂಪ್‌ನ ಕುಟುಂಬಗಳು ಅದೇ ಗಾಡಿಯನ್ನು ಎದುರು ದಿಕ್ಕಿನಲ್ಲಿ ಹತ್ತಿದರೆ ಗೋವಾ ಸೇರಬಹುದು. ಅದು ಪ್ರತಿದಿನದ ಗಾಡಿಯಲ್ಲವಾದ್ದರಿಂದ ದಿನಗಳನ್ನು ರೈಲ್ವೆಯ ವಿಚಾರಣಾ ಕೇಂದ್ರದಲ್ಲಿ ತಿಳಿದುಕೊಳ್ಳಬೇಕು.

ಗುಂಪಾಗಿ ಬಾಡಿಗೆ ವಾಹನದಲ್ಲಿ ಹೋಗುವವರು ವಾಹನಕ್ಕೆ ಅಖಿಲ ಭಾರತ ಪ್ರವಾಸಿ ಪರವಾನಗಿ ಇದೆಯೇ ಎಂಬುದನ್ನು ಮುಂಗಡ ಹಣ ನೀಡುವ ಮೊದಲೇ ನೋಡಿಕೊಳ್ಳತಕ್ಕದ್ದು. ರಾಜ್ಯದೊಳಗಿನ ಪರವಾನಗಿ ಮಾತ್ರ ಇರುವ ವಾಹನಕ್ಕೆ ಮೋಟಾರು ವಾಹನಗಳ ಕಾಯ್ದೆ 1988 ರ ಕಲಂ 88(8) ರಡಿ ವಿಶೇಷ ಪರವಾನಗಿಯನ್ನು ಸಾರಿಗೆ ಇಲಾಖೆಯಿಂದ ಪಡೆಯಬೇಕಾಗುತ್ತದೆ. ಅರ್ಜಿ ಸಲ್ಲಿಸಬೇಕಾದವರು ವಾಹನದ ಮಾಲೀಕರೇ ಹೊರತು ಪ್ರಯಾಣಿಕರಲ್ಲ. ಬಿಳಿ ಫಲಕದ ಸ್ವಂತ ಬಳಕೆಯ ವಾಹನವನ್ನು ಬಾಡಿಗೆಗೆ ಒಯ್ಯುವುದು ಕಾನೂನುಬಾಹಿರ. ಶಾಲಾ ಮಕ್ಕಳ ಪ್ರವಾಸವಾದಲ್ಲಿ ಮುಖ್ಯೋಪಾಧ್ಯಾಯರು ಶಿಕ್ಷಣ ಇಲಾಖೆಯ ಪೂರ್ವಾನುಮತಿ ಪಡೆದಿರಬೇಕು.

ಮಳೆಗಾಲದಲ್ಲಿ ರಸ್ತೆಯ ಮೂಲಕ ಹೋಗುವವರು ಅನಮೋಡ ಘಾಟಿನ ಸ್ಥಿತಿಯನ್ನು ವಿಚಾರಿಸಿಕೊಂಡು ಹೊರಡಬೇಕು. ಅಕ್ಟೋಬರ್ ಕೊನೆಯಿಂದ ಫೆಬ್ರವರಿವರೆಗಿನ ಅವಧಿ ಅನುಕೂಲಕರ. ಸಮಯವಿದ್ದಲ್ಲಿ ಗೋವೆಯ ಕದಂಬರ ರಾಜಧಾನಿಯಾಗಿದ್ದ ಚಾಂದೋರ್ ಮತ್ತು ಪಾರೋಡೆಯ ಬೆಟ್ಟದ ಮೇಲಿನ ಚಂದ್ರೇಶ್ವರ ದೇವಾಲಯಗಳನ್ನು ಅದೇ ದಿನ ಸೇರಿಸಿಕೊಳ್ಳಬಹುದು. ಹಾಗೆ ಮಾಡುವವರು ಡೀನ್ ಅರಮನೆಗೆ ಬೆಳಗಿನ ವೇಳೆಯನ್ನೇ ಕೇಳಿ ಪಡೆಯುವುದು ಉತ್ತಮ. ಮನೆಯೊಳಗೆ ಛಾಯಾಚಿತ್ರ ತೆಗೆಯುವ ಮುನ್ನ ಮನೆಯವರ ಒಪ್ಪಿಗೆ ಪಡೆಯಬೇಕು, ಮತ್ತು ನಿಗದಿತ ಸಮಯಕ್ಕೆ ತಲುಪಲಾಗದಿದ್ದಲ್ಲಿ ದೂರವಾಣಿಯ ಮೂಲಕ ತಿಳಿಸಬೇಕು. ಊಟಕ್ಕೆ ಹೇಳಿದ್ದವರಂತೂ ಇದನ್ನು ಮರೆಯತಕ್ಕದ್ದಲ್ಲ.